ಗಡಿಯಾರದ ಚೌಕಕ್ಕೆ ಕೆಂಚ ಕಾವಲು ನಿಂತಿದ್ದು

ಕೂತ್ಕೊಳ್ಳಿ, ಕೂತ್ಕೊಳ್ಳಿ, ಈ ಕಟ್ಟೆ ಮೇಲೆ ಜಾಗ ಬೇಕಾದಷ್ಟಿದೆ. ಊರ ನಡುಮಧ್ಯೆ, ಗಡಿಯಾರದ ಕೆಳಗೆ, ಹೀಗೆ ಕಾಲು ಇಳಿಬಿಟ್ಟು ಕೂರೋ ಜಾಗ ನಮಗೆ ಉಳಿಸಿಕೊಟ್ಟೋನು ಯಾರು ಗೊತ್ತಾ? ಹೂವಿನ ಚೆಲುವಮ್ಮನ ಮಗ ಕೆಂಚ. ನಗಬೇಡಿ. ಅವನು ಪೆದ್ದ ಅನ್ನೋದು ನಿಮಗಿಂತ ಮೊದಲು ನನಗೆ ಗೊತ್ತು. ಇದೇ ಚೌಕದಲ್ಲಿ ಜಟಕಾ ಹೊಡೆದೋನು ನಾನು. ನನ್ನ ಕುದುರೆ ಬದುಕಿದ್ದಿದ್ದರೆ ಅದಕ್ಕೂ ಗೊತ್ತಾಗಿರೋದು.

ಎಂಥ ಪೆದ್ದ ಅಂತೀರಿ! ಚೆಲುವಮ್ಮ "ಹೂವಿಗೆ ನೀರು ಚಿಮುಕಿಸ್ತಿರೋ, ಬಂದೆ" ಅಂತ ಹೇಳಿ ಹೋದರೆ, ಅವಳು ಬರೋವರೆಗೂ ಚಿಮುಕಿಸ್ತಾನೇ ಇರೋನು. ಬಂದು ನೋಡಿದರೆ ಮಲ್ಲಿಗೆ ಮೊಗ್ಗು ಬೀದೀಲಿ ತೇಲಿಕೊಂಡು ಹೋಗ್ತಿರೋದು. "ಅಯ್ಯೋ ನನ್ನ ಕರ್ಮವೇ, ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಗತಿ ಏನೋ" ಅನ್ನೋಳು. "ಕಣ್ಣು ತೆಗೆಯೋವರೆಗೂ ಪಕ್ಕದಲ್ಲೇ ಕೂತಿರ್ತೀನಿ ಅವ್ವ" ಅನ್ನೋನು. ಅಂಥವನ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳೋದು ಹೇಳಿ.

ಆ ಚೆಲುವಮ್ಮ ಲಂಗ ಉಟ್ಟಾಗಿಂದ ಈ ಕಟ್ಟೆ ಮೇಲೇ ಹೂವು ಮಾರಿದೋಳು. ಆಮೇಲೆ ಬಂದವಲ್ಲ ಸ್ಕೂಟರು, ಕಾರು, ವ್ಯಾನು. ಒಂದು ದಿನ ಕಟ್ಟೆ ಕೆಳಗಿಟ್ಟಿದ್ದ ಅವಳ ಬುಟ್ಟಿ ಮೇಲೇ ಒಬ್ಬ ಕಾರು ಹತ್ತಿಸಿದ. ಆವತ್ತೇ ಅವಳು ಚರಂಡಿ ಪಕ್ಕಕ್ಕೆ ಹೋದಳು. ಹದಿನೆಂಟು ವರ್ಷ ಮೂಗಿಗೆ ಸೆರಗು ಕಟ್ಟಿಕೊಂಡು ಮಲ್ಲಿಗೆ ಮಾರಿದಳು. ನಾವೂ ಈ ಕಡೆ ತಲೆ ಹಾಕೋದು ಬಿಟ್ಟೆವು.

ಹೀಗಿರುವಾಗ ಪುರಸಭೆಗೆ ಶಿವನಂಜಪ್ಪ ಅಂತ ಹೊಸ ಸಾಹೇಬರು ಬಂದರು. "ಚೌಕದೊಳಗೆ ಗಾಡಿ ಬೇಡ, ಜನ ನಡೆದಾಡಲಿ. ಒಂದು ತಿಂಗಳು ನೋಡೋಣ. ತಕರಾರು ಜಾಸ್ತಿ ಆದರೆ ಕೈಬಿಡೋಣ" ಅಂದರು. ನಾಲ್ಕು ಬೀದಿ ಪೈಕಿ ಮೂರಕ್ಕೆ ಕಲ್ಲು ನೆಡಿಸಿದರು, ನಾಲ್ಕನೆಯದಕ್ಕೆ ಒಂದು ಬಿದಿರು ಗಳ ಅಡ್ಡ ಹಾಕಿಸಿದರು. ಚೆಲುವಮ್ಮ ಬುಟ್ಟಿ ಎತ್ತಿಕೊಂಡು ಮತ್ತೆ ಕಟ್ಟೆ ಮೇಲೆ ಬಂದು ಕೂತಳು. ಆವತ್ತು ಅವಳು ಅತ್ತಿದ್ದನ್ನ ನಾನು ನೋಡಿದೀನಿ. ಅತ್ತು, ಕಣ್ಣೊರೆಸಿಕೊಂಡು, ಸಾಹೇಬರ ಹತ್ತಿರ ಹೋಗಿ ಕೈಮುಗಿದು, ಗಳದ ಕಾವಲಿಗೆ ತನ್ನ ಮಗನನ್ನೇ ಹಾಕಿಸಿದಳು. ಬೇರೆ ಯಾರೂ ಸಿಗಲಿಲ್ಲವೇನಮ್ಮ ನಿನಗೆ?

ಸಾಹೇಬರು ಕೆಂಚನಿಗೆ ಹೇಳಿದರು: "ನೋಡಪ್ಪ, ಚಕ್ರ ಇರೋದು ಯಾವುದನ್ನೂ ಒಳಗೆ ಬಿಡಬೇಡ."

"ಸರಿ ಸಾರ್."

ಸೊಪ್ಪಿನ ತಳ್ಳುಗಾಡಿ ಬಂತು. ಚಕ್ರ ಇದೆ, ನಿಲ್ಲು. ಚಾಕು ಸಾಣೆ ಹಿಡಿಯೋನು ಹೆಗಲ ಮೇಲೆ ಸಾಣೆ ಹೊತ್ತು ಬಂದ. ಚಕ್ರ ಇದೆ, ನಿಲ್ಲು. ಗಾಲಿಕುರ್ಚಿಯಲ್ಲಿ ರಿಟೈರಾದ ಮೇಷ್ಟ್ರು ಬಂದರು. "ಮೇಷ್ಟ್ರೇ, ನೀವು ಹೋಗಿ. ಕುರ್ಚಿ ಇಲ್ಲೇ ಇರಲಿ" ಅಂದ.

"ಹೇಗಯ್ಯಾ ಹೋಗಲಿ?"

"ಅದು ನಂಗೊತ್ತಿಲ್ಲ ಮೇಷ್ಟ್ರೇ. ಚಕ್ರದ್ದು ಮಾತ್ರ ನಂಗೆ ಹೇಳಿರೋದು."

ಸಂಜೆಗೆ ಹನ್ನೊಂದು ತಕರಾರು. ಚೆಲುವಮ್ಮ ತಲೆ ತಲೆ ಚಚ್ಚಿಕೊಂಡಳು. "ಲೇ ಮಂಕುಮುಂಡೇದೆ, ನಿನ್ನಿಂದ ನನ್ನ ಜಾಗ ಹೋಗ್ತದಲ್ಲೋ. ಮತ್ತೆ ಚರಂಡಿ ಪಕ್ಕ ಕೂರಿಸ್ತೀಯೇನೋ ನನ್ನ? ಕೈಯಲ್ಲಿ ತಳ್ಳಿಕೊಂಡು ಬರೋದನ್ನೆಲ್ಲ ಬಿಡಬೇಕು ಕಣೋ."

"ಸರಿ ಅವ್ವ."

ಮಾರನೇ ದಿನ ನಾಲ್ಕು ಜನ ಒಂದು ಕಾರನ್ನ ತಳ್ಳಿಕೊಂಡು ಬಂದರು. ಕೆಂಚ ನೋಡಿದ. ಕೈಯಲ್ಲೇ ತಳ್ತಿದಾರೆ. ಗಳ ಎತ್ತಿದ. ಎತ್ತಿದ್ದಲ್ಲದೆ ಪಾಪ ಸುಸ್ತಾಗಿದಾರೆ ಅಂತ ತಾನೂ ಒಂದು ಕೈ ಹಚ್ಚಿದ. ಒಳಗೆ ಬಂದು ಅವರು ಬುರ್ರನೆ ಸ್ಟಾರ್ಟ್ ಮಾಡಿದರು. ಊರಿಗೆಲ್ಲ ಗೊತ್ತಾಗೋಕೆ ಎಷ್ಟು ಹೊತ್ತು? ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಕಾರು ಒಳಗೆ, ಚೆಲುವಮ್ಮನ ಕನಕಾಂಬರ ಎಲ್ಲ ಹೊಗೆಗೆ ಕಪ್ಪು.

ಈ ಸಲ ಸಾಹೇಬರೇ ಓಡಿ ಬಂದರು. ಮುಖ ಕೆಂಡ. "ಏನಯ್ಯಾ, ಬುದ್ಧಿ ಇದೆಯಾ? ತಳ್ಳಿದರೂ ಕಾರು ಕಾರೇ. ಇನ್ನು ಮೇಲೆ ದಾಕ್ಷಿಣ್ಯ ಕೂಡದು. ನಮ್ಮಪ್ಪನೇ ಬಂದರೂ ಬಿಡಬೇಡ, ತಿಳೀತಾ?"

"ತಿಳೀತು ಸಾರ್. ಬಿಡೋದಿಲ್ಲ."

ಬಿಡಲಿಲ್ಲ ನೋಡಿ. ಎರಡು ವಾರ ಒಂದು ಕಾರೂ ಒಳಗೆ ಬರಲಿಲ್ಲ. ಆ ಎರಡು ವಾರ ಹೇಗಿತ್ತು ಅಂತ ಹೇಳಲಾ? ಗಡಿಯಾರ ಟಿಕ್ ಅನ್ನೋದು ಕೇಳಿಸ್ತಿತ್ತು. ಎಷ್ಟೋ ವರ್ಷದಿಂದ ಅದು ಕೆಟ್ಟಿದೆ ಅಂದುಕೊಂಡಿದ್ದೆವು, ನಡೀತಾನೇ ಇತ್ತಂತೆ. ಹೆಂಗಸರು ಕಟ್ಟೆ ಮೇಲೆ ಕೂತು ಅವರೆಕಾಯಿ ಬಿಡಿಸೋಕೆ ಶುರು ಮಾಡಿದರು. ನನಗಂತೂ ನನ್ನ ಕುದುರೆಯ ಹಳೇ ಗೆಜ್ಜೆ ಸದ್ದು ಕಿವಿಗೆ ಬಿದ್ದ ಹಾಗಾಗೋದು. ಇದೆಲ್ಲ ಎಲ್ಲಿ ಹೋಗಿತ್ತು ಇಷ್ಟು ದಿನ ಅನ್ನಿಸಿತು.

ಹದಿನೈದನೇ ದಿನ ಒಬ್ಬರು ಹಿರಿಯರು ಕೋಲೂರಿಕೊಂಡು ನಡಕೊಂಡು ಬಂದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ. "ನಾನು ಶಿವನಂಜು ಅವರಪ್ಪ ಕಣಪ್ಪ. ಮಗ ಚೌಕ ಚೆನ್ನಾಗಿ ಮಾಡಿಸಿದಾನಂತೆ, ನೋಡೋಣ ಅಂತ ಬಂದೆ" ಅಂದರು.

ಕೆಂಚ ಗಳ ಬಿಗಿಯಾಗಿ ಹಿಡಿದುಕೊಂಡ. "ಸಾಹೇಬರ ಅಪ್ಪನಾ? ಹಾಗಾದರೆ ಆಗೋದಿಲ್ಲ ಸ್ವಾಮಿ."

"ಯಾಕಪ್ಪ? ಎಲ್ಲರೂ ಹೋಗ್ತಿದಾರಲ್ಲ?"

"ಅವರು ಸಾಹೇಬರ ಅಪ್ಪ ಅಲ್ಲವಲ್ಲ."

ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದ ಮಹಾನುಭಾವ. ಬಿಡಲಿಲ್ಲ ನಿಜ, ಆದರೆ ಬಾಯಾರಿಕೆ ಆಗಿರ್ತದೆ ಅಂತ ಮೂರು ಸಲ ನೀರು ತಂದುಕೊಟ್ಟ. ಸಾಹೇಬರಿಗೆ ಸುದ್ದಿ ಮುಟ್ಟಿತು. ಬಂದರು. ಕೂಗಾಡಲೂ ಇಲ್ಲ ಪಾಪ, ಅಷ್ಟು ಸೋತುಹೋಗಿದ್ದರು.

"ಸಾಕು ಕಣಯ್ಯ, ಈ ಉಸಾಬರಿಯೇ ಬೇಡ. ನಾಳೆಯಿಂದ ಮೊದಲು ಹೇಗಿತ್ತೋ ಹಾಗೆ ಮಾಡಿಬಿಡು."

"ಸರಿ ಸಾರ್."

ಚೆಲುವಮ್ಮ ಕಟ್ಟೆ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ಬೈಗುಳ ಮುಗಿದುಹೋಗಿತ್ತು. ಹೂವು ಕಟ್ಟೋ ಕೈ ಅಲ್ಲೇ ನಿಂತಿತು. ಕೆಂಚ ಬಂದು ಅವಳ ಪಕ್ಕ ಕುಕ್ಕರಿಸಿದ.

"ಅವ್ವ, ಮೊದಲು ಹೇಗಿತ್ತು?"

"ಏನಂತ ಹೇಳಲೋ ಕೂಸೇ" ಅಂದಳು. ಆದರೂ ಹೇಳಿದಳು. "ನೀನು ಗಳ ಹಿಡಿಯೋ ಬೀದಿ ಬಾಯಲ್ಲಿ ಹಳೇ ಕಲ್ಲು ಇದೆಯಲ್ಲ, ಜಟಕಾ ಅಲ್ಲಿಗೆ ಬಂದರೆ ನಿಲ್ಲೋದು. ನಾವು ಹೂವಿನೋರೆಲ್ಲ ಕಟ್ಟೆ ಮೇಲೆ, ಕಟ್ಟೆ ಸುತ್ತ ಕೂತಿರ್ತಿದ್ದೆವಲ್ಲ, ಅದಕ್ಕೇ ಒಳಗೆ ಯಾರೂ ಓಡಿಸ್ತಿರಲಿಲ್ಲ. ಸಾಹುಕಾರ ಆಗಲಿ, ಮದುಮಗ ಆಗಲಿ, ಕಲ್ಲಿನ ಹತ್ತಿರ ಇಳೀಲೇಬೇಕು. ಮುದುಕರು, ಬಸುರಿಯರು ಮಾತ್ರ ಕೂತಿರೋರು. ಕುದುರೆಗೆ ಒಂದು ಹಿಡಿ ಹುಲ್ಲು, ಒಂದು ಬಕೀಟು ನೀರು. ಆಮೇಲೆ ಹಗ್ಗ ಹಿಡಕೊಂಡು ಮೆಲ್ಲಗೆ ನಡೆಸಿಕೊಂಡು ಬರೋರು. ನಿಮ್ಮಪ್ಪನೂ ಹಾಗೇ ಇಳಿದು ಬಂದು ನನ್ನ ನೋಡಿದ್ದು." ಅಷ್ಟು ಹೇಳಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಬೆಳಗಾಯಿತು. ಕಲ್ಲಿನಾಚೆ ಕಾರುಗಳ ಸಾಲು. ಎಲ್ಲಕ್ಕಿಂತ ಮುಂದೆ ಸಾಹೇಬರ ಕಾರು, ಹಿಂದಿನ ಸೀಟಲ್ಲಿ ಅವರಪ್ಪ. ನಿನ್ನೆ ನೋಡದೇ ಹೋದರಲ್ಲ, ಇವತ್ತು ತೋರಿಸೋಣ ಅಂತ ಕರಕೊಂಡು ಬಂದಿದ್ದರು. ಗಳ ಮೇಲಕ್ಕೇ ಇತ್ತು. ಆದರೆ ಕೆಂಚ ಕಾರಿನ ಮುಂದೆ ಒಂದು ಕಂತೆ ಹಸಿ ಹುಲ್ಲು ಇಟ್ಟ. ಒಂದು ಬಕೀಟು ನೀರು ಇಟ್ಟ. ಬಂಪರ್ ಕೆಳಗೆ ಹಗ್ಗ ಬಿಗಿದ. ಇನ್ನೊಂದು ತುದಿ ಕಿಟಕಿಯಿಂದ ಸಾಹೇಬರ ಕೈಗೇ ಕೊಟ್ಟ.

"ಏನಯ್ಯಾ ಇದು?"

"ಮೊದಲು ಹೇಗಿತ್ತೋ ಹಾಗೆ ಸಾರ್. ಇಳೀರಿ. ಹಿರಿಯರು ಕೂತಿರಲಿ."

ಸಾಹೇಬರು ಬಾಯಿ ತೆಗೆದರು. ಅಷ್ಟರಲ್ಲಿ ಹಿಂದಿನ ಸೀಟಿಂದ ದನಿ ಬಂತು. "ಇಳಿಯೋ ಶಿವನಂಜು. ಸಂತೆಗೆ ಬಂದಾಗ ಈ ಕಲ್ಲಿನ ಹತ್ತಿರ ನಿಮ್ಮ ತಾತನೂ ಇಳೀತಿದ್ದರು. ನಾನು ನಿನ್ನಷ್ಟಿದ್ದಾಗ ಇಲ್ಲೇ ಇಳಿದು, ನಿಮ್ಮಮ್ಮನಿಗೆ ಹೂವು ಕೊಂಡೆ."

ಸಾಹೇಬರು ಇಳಿದರು. ಇಂಜಿನ್ ಆರಿಸಿ, ಗೇರು ತೆಗೆದು, ಹಗ್ಗ ಹಿಡಿದು ಎಳೆದರು. ಹಿಂದಿನಿಂದ ಕೆಂಚ ತಳ್ಳಿದ. ನಾನೂ ಕೈ ಹಚ್ಚಿದೆ, ಸುಳ್ಳು ಯಾಕೆ ಹೇಳಲಿ. ಬೆವರು ಸುರಿಸಿಕೊಂಡು ಕಟ್ಟೆ ಮುಟ್ಟಿದಾಗ ಸಾಹೇಬರು ತಿರುಗಿ ನೋಡಿದರು. ಅವರಪ್ಪ ಇಳಿದು ಚೆಲುವಮ್ಮನ ಪಕ್ಕ ಆಗಲೇ ಕೂತಾಗಿತ್ತು, ಗಡಿಯಾರದ ಸದ್ದು ಕೇಳ್ತಾ. ಸಾಹೇಬರು ಹಗ್ಗ ಕೆಳಗಿಟ್ಟು ತಾವೂ ಕೂತರು.

ಆಮೇಲೆ ಕೆಂಚನ ಕಡೆ ತಿರುಗಿ, "ಇದೇ ಇರಲಿ ಕಣಯ್ಯ" ಅಂದರು. ಚೆಲುವಮ್ಮ ಒಂದು ಮಾರು ಮಲ್ಲಿಗೆ ಅಳೆದು ಹಿರಿಯರ ಕೈಲಿಟ್ಟಳು.

ಅದೇ ಇದೆ ಇವತ್ತಿಗೂ. ಕಾರು ತರೋರು ತರಬಹುದು, ಯಾರೂ ಬೇಡ ಅನ್ನೋದಿಲ್ಲ. ಹಗ್ಗ ಕಟ್ಟಿ ಎಳಕೊಂಡು ಬನ್ನಿ. ಇದುವರೆಗೆ ಒಬ್ಬರೂ ಬಂದಿಲ್ಲ.

ಆವತ್ತು ಸಾಹೇಬರು ಎದ್ದು ಹೊರಡುವಾಗ ಕೆಂಚ ಕಲ್ಲಿನ ಕಡೆಯಿಂದ ಓಡಿ ಬಂದ. ಕೈಯಲ್ಲಿ ಅದೇ ಹುಲ್ಲಿನ ಕಂತೆ. ಮುಖ ಸಪ್ಪಗಾಗಿತ್ತು.

"ಸಾರ್, ಒಂದು ಎಸಳೂ ಮುಟ್ಟಿಲ್ಲ. ನೀರೂ ಹಾಗೇ ಇದೆ. ಇವತ್ತು ಕಾರನ್ನ ಇಲ್ಲೇ ಬಿಟ್ಟು ನಡಕೊಂಡು ಹೋಗಿ ಸಾರ್, ಪಾಪ, ಅದಕ್ಕೆ ಹುಷಾರಿಲ್ಲ."