ಗಂಗೆ ತರಲು ಹೋದವರು

"ಬುದ್ಧಿ, ಮನೆ ಕಟ್ಟುವವನು ಕಾನೂನು ಹೇಳಿದಷ್ಟನ್ನು ಮಾಡಿದರೆ ಸಾಲದೆ?"

ಹೀಗೆ ಕೇಳಿದವನು ಗುರುಶಾಂತನೆಂಬ ಶಿಷ್ಯ. ಅವನು ಪಟ್ಟಣದಲ್ಲಿ ಮನೆ ಕಟ್ಟಿಸಲು ಹೊರಟಿದ್ದನು. "ಪರಿಸರದ ಹೆಸರಿನಲ್ಲಿ ಈಗ ದಿನಕ್ಕೊಂದು ನಿಯಮ ಬರುತ್ತಿದೆ. ಮಳೆ ನೀರು ಇಂಗಿಸು ಅಂತಾರೆ, ಬಿಸಿಲಿನಲ್ಲಿ ನೀರು ಕಾಯಿಸು ಅಂತಾರೆ, ಗಿಡ ನೆಡು ಅಂತಾರೆ. ಎಲ್ಲಕ್ಕೂ ಅಧಿಕಾರಿಗಳಿಂದ ಸರಿ ಅನ್ನಿಸಿಕೊಂಡರೆ ನಮ್ಮ ಪಾಲಿನ ಧರ್ಮ ಮುಗಿಯಿತಲ್ಲವೆ?"

ಗುರುಗಳು "ಕೂತ್ಕೋಪ್ಪಾ" ಎಂದರು. ಅವನು ಕುಳಿತ ಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದನು. ಅವನಿಗೆ ದೇವರ ಭಯವಿತ್ತು, ಸರ್ಕಾರದ ಭಯವೂ ಇತ್ತು. ಊರಂಚಿನ ಬಯಲನ್ನು ಕೊಂಡು ಅಲ್ಲಿ ಮನೆ ಕಟ್ಟಿಸಲು ತೊಡಗಿದನು. ಬಯಲಿನ ಕೆಳಮಗ್ಗುಲಿಗೆ ಒಬ್ಬ ತೋಟಗಾರನ ಮಲ್ಲಿಗೆ ತೋಟವಿತ್ತು. ತೋಟದಲ್ಲಿ ಒಂದು ಬಾವಿಯಿತ್ತು. ಬಯಲಿನಲ್ಲಿ ಬಿದ್ದ ಮಳೆ ನೆಲಕ್ಕೆ ಇಂಗಿ ಆ ಬಾವಿಯನ್ನು ಸೇರುತ್ತಿತ್ತು. ತೋಟಗಾರನ ಸಂಸಾರ ನಡೆಯುತ್ತಿದ್ದುದು ಆ ನೀರಿನಿಂದಲೇ.

ಆಗ ಒಂದು ಹೊಸ ನಿಯಮ ಬಂದಿತ್ತು. ಮನೆ ಕಟ್ಟುವವರು ಅಂಗಳದಲ್ಲಿ ಇಂಗುಗುಂಡಿ ತೋಡಿಸಿ, ತಾರಸಿಯ ನೀರನ್ನು ಅದಕ್ಕೆ ಬಿಡಬೇಕು. ಗುಂಡಿ ಎಷ್ಟು ಅಗಲ, ಎಷ್ಟು ಆಳ ಇರಬೇಕೆಂದು ಬರೆದಿತ್ತು. ತುಂಬಿ ಹೆಚ್ಚಾದ ನೀರನ್ನು ಬೀದಿಯ ಚರಂಡಿಗೆ ಬಿಡಬಹುದೆಂದೂ ಬರೆದಿತ್ತು. ವರ್ತಕನು ಹೇಳಿದ್ದಕ್ಕಿಂತ ಒಂದು ಗೇಣು ಹೆಚ್ಚಾಗಿಯೇ ತೋಡಿಸಿದನು.

ತೋಡಿಸಿದ ಮೇಲೆ ಅವನಿಗೆ ಒಂದು ಚಿಂತೆ ಹತ್ತಿತು. ಇಷ್ಟು ನೀರು ಮಣ್ಣಿಗೆ ಇಳಿದರೆ ಹೊಸ ಗೋಡೆಗೆ ತೇವ ಏರುತ್ತದಲ್ಲ? ಗಾರೆಯವನನ್ನು ಕರೆದು ಗುಂಡಿಯ ತಳಕ್ಕೂ ಸುತ್ತಲ ಬದಿಗಳಿಗೂ ಸಿಮೆಂಟು ಬಳಿಸಿದನು. ಚೊಕ್ಕಟವಾಗಿ ಕಾಣಲೆಂದು ಅಂಗಳಕ್ಕೆಲ್ಲ ಕಲ್ಲು ಹಾಸಿಸಿದನು.

ಪುರಸಭೆಯ ಅಧಿಕಾರಿ ಬಂದು ಗುಂಡಿಯನ್ನು ಅಳೆದನು. ಅಳತೆ ಸರಿಯಾಗಿತ್ತು. ತಳ ಮಣ್ಣಿನದೇ ಇರಬೇಕೆಂದು ನಿಯಮದಲ್ಲಿ ಇರಲಿಲ್ಲ. ಇಂಗುವ ಗುಂಡಿಗೆ ಯಾರಾದರೂ ಸಿಮೆಂಟು ಬಳಿದಾರೆಂದು ಬರೆದವರಿಗೆ ಹೊಳೆದಿರಲಿಲ್ಲ. ಅಧಿಕಾರಿ ಒಪ್ಪಿಗೆ ಕೊಟ್ಟು, ಎಳನೀರು ಕುಡಿದು ಹೋದನು.

ಮಳೆಗಾಲ ಬಂತು. ಗುಂಡಿ ಮೊದಲ ಮಳೆಗೇ ತುಂಬಿತು. ಆಮೇಲೆ ಬಿದ್ದ ನೀರೆಲ್ಲ ಚರಂಡಿ ಸೇರಿತು. ತೋಟದ ಬಾವಿಯಲ್ಲಿ ನೀರು ಏರಲಿಲ್ಲ. ತೋಟಗಾರನು ವರ್ತಕನ ಬಳಿಗೆ ಬಂದನು.

"ಸಾಹುಕಾರ್ರೆ, ಆ ಗುಂಡಿ ತಳಾನ ಒಂಚೂರು ಒಡೆಸಿಬಿಡಿ. ನೀರು ನೆಲಕ್ಕೆ ಇಳೀಲಿ. ಇಲ್ಲದಿದ್ರೆ ಬೇಸಗೇಲಿ ನನ್ನ ಗಿಡ ಉಳಿಯಲ್ಲ."

"ಒಳ್ಳೆ ಕತೆಯಾಯ್ತಲ್ಲಯ್ಯಾ ನಿನ್ನದು! ಸರ್ಕಾರದೋರೇ ಅಳೆದು ಸರಿ ಅಂದು ಹೋಗಿದಾರೆ. ನೀನೇನು ಅವರಿಗಿಂತ ದೊಡ್ಡ ಇಂಜಿನಿಯರೋ? ನಿನ್ನ ಬಾವಿ ತುಂಬ್ಲಿ ಅಂತ ನನ್ನ ಗೋಡೆ ನೆನೆಸ್ಲೇನು?"

ತೋಟಗಾರನು ಹಿಂದಿರುಗಿದನು.

ಮನೆಯ ಕೆಲಸ ಮುಗಿಯಿತು. ಗೃಹಪ್ರವೇಶಕ್ಕೆ ವೈಶಾಖದಲ್ಲಿ ಮುಹೂರ್ತ ಸಿಕ್ಕಿತು. ಆ ಸೀಮೆಯಲ್ಲಿ ಒಂದು ಪದ್ಧತಿಯಿದೆ. ಹೊಸ ಮನೆಗೆ ಕಾಲಿಡುವ ಮೊದಲು ಮುತ್ತೈದೆಯರು ಬಾವಿಗೆ ಹೋಗಿ, ಪೂಜೆ ಮಾಡಿ, ಕಳಶದಲ್ಲಿ ಗಂಗೆಯನ್ನು ತರಬೇಕು. ನಲ್ಲಿಯ ನೀರು ಸಲ್ಲದು. ಸುತ್ತಮುತ್ತ ಇದ್ದುದು ತೋಟಗಾರನ ಬಾವಿಯೊಂದೇ. ಹೆಂಗಸರು ವಾಲಗದೊಡನೆ ಅಲ್ಲಿಗೆ ಹೋದರು.

ಮಲ್ಲಿಗೆ ಗಿಡಗಳು ಒಣಗಿ ಕಡ್ಡಿಯಾಗಿದ್ದವು. ತೋಟಗಾರನು ಅವನ್ನು ಕಿತ್ತು ರಾಶಿ ಹಾಕುತ್ತಿದ್ದನು. ಹೆಂಗಸರು ಬಾವಿಕಟ್ಟೆಗೆ ಅರಿಸಿನ ಕುಂಕುಮ ಇಟ್ಟು ಕೊಡ ಇಳಿಸಿದರು. ಹಗ್ಗ ಇಳಿಯುತ್ತಲೇ ಹೋಯಿತು. ಕೊಡ ತಳದ ಕಲ್ಲಿಗೆ ತಗುಲಿ ಠಣ್ಣೆಂದಿತು. ವಾಲಗದವರು ಊದುವುದನ್ನು ನಿಲ್ಲಿಸಿದರು. "ಗಂಗಮ್ಮ ಮುನಿಸ್ಕೊಂಡಿದಾಳೆ ಕಣ್ರೇ" ಎಂದಳು ಒಬ್ಬ ಮುದುಕಿ.

ಹೊತ್ತಾಯಿತೆಂದು ವರ್ತಕನೇ ಓಡಿ ಬಂದನು. ಬಾವಿಯೊಳಗೆ ಬಗ್ಗಿ ನೋಡಿದನು.

"ಏನಯ್ಯಾ, ನಿನ್ನ ಬಾವಿಗೆ ಇವತ್ತೇ ಬತ್ತಬೇಕಾಗಿತ್ತೆ?"

"ಅದು ಬತ್ತಿ ಎಷ್ಟೋ ದಿನ ಆಯ್ತು ಸಾಹುಕಾರ್ರೆ. ನೀವು ಇವತ್ತು ಬಂದ್ರಿ, ಅಷ್ಟೆ."

ವರ್ತಕನಿಗೆ ನಿಲ್ಲಲು ಸಮಯವಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ನೀರಿನ ಟ್ಯಾಂಕರನ್ನು ತಡೆದು ಕಳಶ ತುಂಬಿಸಿದನು. ಪುರೋಹಿತರು "ಯಾವ ಊರ ಗಂಗೆಯೋ ತಾಯಿ, ಒಳಗೆ ಬಾ" ಎಂದು ಮಂತ್ರಕ್ಕೆ ಕುಳಿತರು. ಮುಹೂರ್ತ ತಪ್ಪಲಿಲ್ಲ. ಅಧಿಕಾರಿಯೂ ಊಟಕ್ಕೆ ಬಂದಿದ್ದನು. ಮರುದಿನದಿಂದ ತೋಟಗಾರನು ಬೇರೆಯವರ ತೋಟಕ್ಕೆ ಕೂಲಿಗೆ ಹೋದನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗುರುಶಾಂತನು ಕೇಳಿದನು.

"ಬುದ್ಧಿ, ಇದರಲ್ಲಿ ನಿಯಮ ಮುರಿದವರು ಯಾರು? ವರ್ತಕನೋ, ಅಧಿಕಾರಿಯೋ?"

"ಯಾರೂ ಮುರಿಯಲಿಲ್ಲವಪ್ಪಾ, ಅದಕ್ಕೇ ಆ ತೋಟಗಾರನಿಗೆ ದೂರು ಹೇಳಿಕೊಳ್ಳಲು ಒಂದು ಬಾಗಿಲೂ ಸಿಗಲಿಲ್ಲ."