ವ್ಯಾನು ಹತ್ತಿದ ಮ್ಯಾನೇಜರು

ಬಳೇಪೇಟೆಯ ಇಕ್ಕಟ್ಟು ಗಲ್ಲಿಯೊಂದಕ್ಕೆ ಪಾರ್ಸೆಲ್ ತಲುಪಿಸುವ ಗಂಗರತ್ನ, ವ್ಯಾನನ್ನು ಒಳಗೆ ನುಗ್ಗಿಸದೆ ಗಲ್ಲಿಯ ಬಾಯಲ್ಲಿದ್ದ ಹೂವಿನಂಗಡಿಯಲ್ಲೇ ಎಲ್ಲವನ್ನೂ ಇಟ್ಟುಬರುತ್ತಿದ್ದಳು. ಹೂವಿಗೆ ಬಂದವರು ತಮ್ಮ ತಮ್ಮದನ್ನು ಒಯ್ಯುತ್ತಿದ್ದರು. ಯಾರ ತಕರಾರೂ ಇರಲಿಲ್ಲ. ಹೊಸ ಮ್ಯಾನೇಜರ್ ಶ್ರೀಪಾದರಾಯರಿಗೆ ಮಾತ್ರ ಕಂಪನಿಯ ಘನತೆಯ ಚಿಂತೆ.

“ವ್ಯಾನು ಹತ್ತಿದ್ದು ಮನೆ ಬಾಗಿಲಲ್ಲೇ ಇಳೀಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ,” ಎಂದರು.

ಗಂಗರತ್ನ ಸ್ವಲ್ಪ ಯೋಚಿಸಿದಳು. ರಾಯರ ಅತ್ತೆಮನೆ ಅದೇ ಗಲ್ಲಿಯಲ್ಲಿತ್ತು. ಅಂದು ಅವರಿಗೆ ಅಲ್ಲೇ ಊಟ.

“ಬನ್ನಿ ಸಾರ್, ಮೊದಲು ನಿಮ್ಮನ್ನೇ ಬಾಗಿಲಿಗೆ ಮುಟ್ಟಿಸ್ತೀನಿ,” ಎಂದಳು.

ಅರ್ಧ ಗಲ್ಲಿಗೆ ವ್ಯಾನು ನಿಂತಿತು. ಮುಂದೆ ತಳ್ಳುಗಾಡಿ, ಹಿಂದೆ ಆಟೋ. ರಾಯರು ಇಳಿಯಹೋದರೆ ಗೋಡೆ ತಗುಲಿ ಬಾಗಿಲು ಗೇಣಷ್ಟೇ ತೆರೆಯಿತು.

“ನನ್ನನ್ನೇನು ಪಾರ್ಸೆಲ್ ಅಂದ್ಕೊಂಡ್ಯಾ?”

“ಛೆ, ಪಾರ್ಸೆಲ್ ಆಗಿದ್ರೆ ಇಷ್ಟು ಹೊತ್ತಿಗೆ ಹೂವಿನಂಗಡೀಲಿ ತಣ್ಣಗೆ ಕೂತಿರ್ತಿದ್ರಿ ಸಾರ್.”

ಮಹಡಿಯಿಂದ ಅತ್ತೆ ಕೂಗಿದರು: “ಅಳಿಯಂದಿರೇ, ಎಲೆ ಹಾಕಿ ಬಹಳ ಹೊತ್ತಾಯ್ತು!”

ಕಾದು ಸಾಕಾಗಿ ಅವರೇ ತಟ್ಟೆ ಹಿಡಿದು, ಗೋಡೆ ಸವರಿಕೊಂಡು ನಡೆದುಬಂದು, ಕಿಟಕಿಯಿಂದ ಹೋಳಿಗೆ ಕೊಟ್ಟರು.

ರಾಯರು ಹೋಳಿಗೆ ತಿಂದು ಮುಗಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: “ಆ ಹೂವಿನಂಗಡಿ ಬೆಳಿಗ್ಗೆ ಎಷ್ಟು ಹೊತ್ತಿಗೆ ತೆಗೀತಾರೆ?”