ಗೆರೆಯವರೆಗೆ ನೀರು

“ಮಾಸ್ತರ, ನಾನು ಹೇಳಿದ್ದರಲ್ಲಿ ಒಂದು ಮಾತಾದರೂ ತಪ್ಪಿತ್ತೆ?” ಎಂದು ನೀಲಾಂಬಿಕೆ ಕೇಳಿದಳು.

ಗುರುಲಿಂಗಯ್ಯ ಮಾಸ್ತರರು ಪುಡಿ ಅರೆಯುವ ಕಲ್ಲನ್ನು ತೊಳೆಯುತ್ತಿದ್ದರು. ತಲೆ ಎತ್ತದೆ, “ಇರಲಿಲ್ಲ” ಎಂದರು.

“ಏನಾದರೂ ಹೇಳದೆ ಬಿಟ್ಟೆನೆ?”

“ಬಿಡಲಿಲ್ಲ.”

“ಮತ್ತೆ ಎಲ್ಲರ ಎದುರಿಗೆ ನನ್ನನ್ನು ಕಿಟಕಿಯಿಂದ ಏಕೆ ಎಬ್ಬಿಸಿದಿರಿ?”

ಆ ವಿಶ್ವವಿದ್ಯಾಲಯ ಹಳ್ಳಿಗಳ ನಡುವೆ ಇತ್ತು. ಅಲ್ಲಿ ಫಾರ್ಮಸಿ ಕಲಿಯುವವರು ಕೊನೆಯ ವರ್ಷದಲ್ಲಿ ಔಷಧಾಲಯದ ಕಿಟಕಿಯಲ್ಲಿ ಕುಳಿತು, ಸುತ್ತಲಿನ ಊರುಗಳಿಂದ ಬಂದವರಿಗೆ ಮದ್ದು ಕೊಡಬೇಕಿತ್ತು. ಕೊಟ್ಟರೆ ಸಾಲದು, ಅದನ್ನು ಹೇಗೆ ಬಳಸಬೇಕೆಂದು ತಿಳಿಸಿ ಕಳುಹಿಸಬೇಕಿತ್ತು. ಕಿಟಕಿಯ ಕೆಲಸವನ್ನು ಮಾಸ್ತರರು ಒಪ್ಪದಿದ್ದರೆ ಪದವಿ ಸಿಗುತ್ತಿರಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ ನೀಲಾಂಬಿಕೆ ಬರಿಗೈಯಲ್ಲಿ ಊರಿಗೆ ಹೋಗಬೇಕಾಗುತ್ತಿತ್ತು.

ಅವಳು ಸಿದ್ಧಳಾಗಿಯೇ ಬಂದಿದ್ದಳು. ಪುಸ್ತಕದ ಮಾತುಗಳನ್ನೆಲ್ಲ ಊರ ಮಾತಿಗೆ ತಿರುಗಿಸಿಕೊಂಡಿದ್ದಳು. ಅಂದು ಬೆಳಿಗ್ಗೆ ಒಬ್ಬ ಮುದುಕ ಕಣ್ಣಿನ ಹನಿಮದ್ದಿಗೆ ಬಂದಾಗ, ಕೈ ತೊಳೆಯುವುದರಿಂದ ಹಿಡಿದು ಮುಚ್ಚಳ ಹಾಕುವವರೆಗೆ ಒಂದೊಂದನ್ನೂ ಬಿಡಿಸಿ ಹೇಳಿದಳು. ಸಾಲಿನಲ್ಲಿದ್ದ ಹೆಂಗಸೊಬ್ಬಳು, “ಯವ್ವಾ, ಈ ಹುಡುಗಿ ಸೋಬಾನದ ಪದ ಹಾಡಿದಂಗ ಹೇಳ್ತಾಳ ನೋಡ” ಎಂದಳು. ಎಲ್ಲರೂ ನಕ್ಕರು. ಮುದುಕ ಗೋಣು ಹಾಕಿ, “ತಿಳೀತವ್ವಾ ತಂಗಿ, ಚಲೋ ತಿಳೀತು” ಎಂದು ಸೀಸೆಯನ್ನು ಅಂಗಿಯ ಜೇಬಿಗೆ ಇಳಿಸಿ ಹೊರಟ. ಅಷ್ಟರಲ್ಲಿ ಮಾಸ್ತರರು ಬಂದು ಅವಳ ಜಾಗದಲ್ಲಿ ಇನ್ನೊಬ್ಬನನ್ನು ಕೂಡಿಸಿದರು. ತಾವು ಮುದುಕನ ಹಿಂದೆ ಹೋಗಿ ಅವನನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿಕೊಂಡರು. ಏನೋ ಕೇಳಿದರು. ಮುದುಕ ಸೀಸೆ ತೆಗೆದು ಮುಖದ ಬಳಿಗೆ ಒಯ್ದ. ಮಾಸ್ತರರು ತಟ್ಟನೆ ಅವನ ಕೈ ಹಿಡಿದು ತಡೆದರು. ಇಷ್ಟನ್ನು ನೀಲಾಂಬಿಕೆ ದೂರದಿಂದ ಕಂಡಳು, ಮಾತು ಕೇಳಿಸಲಿಲ್ಲ.

ದಿನವಿಡೀ ಅವಳು ತನ್ನ ಮಾತುಗಳನ್ನು ಪುಸ್ತಕಕ್ಕೆ ಹಚ್ಚಿ ನೋಡಿದಳು. ಎಲ್ಲವೂ ಸರಿಯಾಗಿದ್ದವು. ತಪ್ಪಿದ್ದರೆ ತಿದ್ದಿಕೊಳ್ಳಬಹುದಿತ್ತು. ಇಲ್ಲದ ತಪ್ಪನ್ನು ತಿದ್ದಿಕೊಳ್ಳುವುದು ಹೇಗೆ ಎಂಬುದು ಅವಳಿಗೆ ಬಗೆಹರಿಯಲಿಲ್ಲ.

ಮಾಸ್ತರರು ಕಲ್ಲನ್ನು ಒರೆಸಿ ಬೋರಲು ಹಾಕಿದರು. “ಕೂಡು” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಔಷಧಗಾರನಿದ್ದ. ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಅವನ ಕೈಯಿಂದ ತಪ್ಪು ಮದ್ದು ಹೋದದ್ದಿಲ್ಲ.

ಒಮ್ಮೆ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಬಂದಳು. ಮಗುವಿನ ಕಿವಿ ಸೋರುತ್ತಿತ್ತು, ಮೈ ಸುಡುತ್ತಿತ್ತು. ವೈದ್ಯರು ಬರೆದಿದ್ದ ಮದ್ದನ್ನು ಔಷಧಗಾರ ತೆಗೆದುಕೊಟ್ಟ. ಸೀಸೆಯ ತಳದಲ್ಲಿ ಪುಡಿ ಇತ್ತು, ನೀರು ಬೆರೆಸಿ ಕುಡಿಸಬೇಕಿತ್ತು. ಔಷಧಗಾರ ಹೇಳಿದ: “ನೀರು ಕಾಯಿಸಿ ಆರಿಸು. ಸೀಸೆ ಮ್ಯಾಲಿನ ಈ ಗೆರಿತನಕ ಹಾಕು. ಗೆರಿಗಿಂತ ಕಡಿಮಿ ಆಗಬಾರದು, ಹೆಚ್ಚೂ ಆಗಬಾರದು. ಚಲೋತ್ನಾಗಿ ಅಲ್ಲಾಡಿಸಿ ಮುಂಜಾನೆ ಒಂದು ಮುಚ್ಚಳ, ಸಂಜಿಗೆ ಒಂದು ಮುಚ್ಚಳ. ಒಂದು ವಾರ ಬಿಡದಂಗ ಕುಡಿಸು. ತಿಳೀತಾ?”

“ತಿಳೀತ್ರಿ ಅಣ್ಣಾ” ಎಂದಳು ತಾಯಿ.

ಮರುದಿನ ಜ್ವರ ಇಳಿಯಿತು. ವಾರ ಮುಗಿಯುವುದರೊಳಗೆ ಮತ್ತೆ ಏರಿತು. ತಾಯಿ ಮಗುವಿನೊಂದಿಗೆ ತಿರುಗಿ ಬಂದಳು.

“ಮದ್ದು ಕುಡಿಸಿದೆಯಾ?” ಎಂದು ಔಷಧಗಾರ ಕೇಳಿದ.

“ಒಂದು ಹೊತ್ತೂ ತಪ್ಪಿಸಿಲ್ರಿ.”

“ಸೀಸೆ ತಂದೀಯಾ?”

ಅವಳು ಸೆರಗಿನ ಗಂಟು ಬಿಚ್ಚಿ ಸೀಸೆಯನ್ನು ಕಟ್ಟೆಯ ಮೇಲಿಟ್ಟಳು. ಸೀಸೆ ಗೆರೆಯವರೆಗೆ ತುಂಬಿತ್ತು.

ಔಷಧಗಾರ ಸೀಸೆಯನ್ನು ನೋಡಿದ, ಅವಳ ಮುಖವನ್ನು ನೋಡಿದ. ಸಾಲಿನಲ್ಲಿದ್ದವನೊಬ್ಬ, “ಕೂಸಿಗೆ ಕುಡಿಸ್ಯಾಳೋ, ಜಗಲಿ ಮ್ಯಾಲಿಟ್ಟು ಪೂಜಿ ಮಾಡ್ಯಾಳೋ” ಎಂದ. ತಾಯಿಯ ಕಣ್ಣು ತುಂಬಿತು. ಮಗುವಿನ ತಲೆಯ ಮೇಲೆ ಕೈಯಿಟ್ಟು, “ಕುಡಿಸೇನ್ರಿ, ಖರೇನ ಕುಡಿಸೇನಿ” ಎಂದಳು.

ಔಷಧಗಾರನಿಗೆ ದಿಕ್ಕು ತಿಳಿಯದಂತಾಯಿತು. ಸುಳ್ಳು ಹೇಳುವವರು ಮಗುವಿನ ತಲೆ ಮುಟ್ಟುವುದಿಲ್ಲ. ಆದರೆ ಕುಡಿಸಿದ ಮದ್ದು ಸೀಸೆಯಲ್ಲಿ ಉಳಿಯುವುದೂ ಇಲ್ಲ. ಅವನು ಹೊಸ ಸೀಸೆ ಕೊಟ್ಟ. ಹಿಂದೆ ಹೇಳಿದ ಮಾತನ್ನೇ, ಅಕ್ಷರವೂ ಬದಲಾಗದಂತೆ, ದನಿ ಎತ್ತರಿಸಿ ಹೇಳಿದ. “ಈಗರ ತಿಳೀತಾ?” ಎಂದ. ಸಾಲಿನಲ್ಲಿದ್ದವರೆಲ್ಲ ತಾಯಿಯನ್ನೇ ನೋಡುತ್ತಿದ್ದರು, ಅವಳು ಬೇಗಬೇಗನೆ ಗೋಣು ಹಾಕಿದಳು.

ಜ್ವರ ಮತ್ತೆ ಇಳಿಯಿತು. ಮತ್ತೆ ಏರಿತು. ಈ ಸಲ ಮಗುವಿಗೆ ಎಚ್ಚರ ತಪ್ಪಿತು. ಊರವರು ಗಾಡಿ ಮಾಡಿ ಪಟ್ಟಣದ ಆಸ್ಪತ್ರೆಗೆ ಒಯ್ದರು.

ಸುದ್ದಿ ಕೇಳಿದ ಔಷಧಗಾರ ಅಂಗಡಿಯಲ್ಲಿ ಕೂಡಲಾರದೆ ಹೋದ. ಮದ್ದು ಸರಿಯಾಗಿತ್ತು, ಅಳತೆ ಸರಿಯಾಗಿತ್ತು, ತಾನು ಹೇಳಿದ್ದೂ ಸರಿಯಾಗಿತ್ತು. ಸರಿಯಾದದ್ದೆಲ್ಲ ಸೇರಿ ಹೀಗೇಕಾಯಿತು? ಮದ್ದೇ ಕೆಟ್ಟಿತ್ತೇನೋ ಎಂದು ಕಪಾಟಿನಲ್ಲಿದ್ದ ಉಳಿದ ಸೀಸೆಗಳನ್ನು ತೆಗೆದು ನೋಡಿದ. ಕೆಟ್ಟಿರಲಿಲ್ಲ. ಕೊನೆಗೆ ಅಂಗಡಿ ಮುಚ್ಚಿ ಆ ತಾಯಿಯ ಮನೆಗೆ ನಡೆದ. ಅವಳು ಮಗುವಿನ ಬಟ್ಟೆ ಒಯ್ಯಲು ಆಸ್ಪತ್ರೆಯಿಂದ ಬಂದಿದ್ದಳು.

“ಮದ್ದು ಹೆಂಗ ಕುಡಿಸ್ತಿದ್ದಿ, ನನಗ ತೋರಸವ್ವಾ” ಎಂದ.

ತಾಯಿ ಕೈ ತೊಳೆದುಕೊಂಡಳು. ಗೂಡಿನಿಂದ ಸೀಸೆ ತೆಗೆದಳು. ಅಲ್ಲಾಡಿಸಿದಳು. ಒಂದು ಮುಚ್ಚಳ ಬಗ್ಗಿಸಿ, “ಇಷ್ಟು ಕೂಸಿಗೆ” ಎಂದು ಪಕ್ಕಕ್ಕಿಟ್ಟಳು. ಆಮೇಲೆ ಬಿಳಿ ಅರಿವೆ ಮುಚ್ಚಿಟ್ಟ ತಂಬಿಗೆಯನ್ನು ಎಳೆದುಕೊಂಡಳು. ಕಾಯಿಸಿ ಆರಿಸಿದ ನೀರನ್ನು ಸೀಸೆಗೆ ಹೊಯ್ದಳು. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ತುಸು ಹೆಚ್ಚಾಗಿತ್ತು, ಚೆಲ್ಲಿದಳು. ನೀರು ಗೆರೆಗೆ ಬಂದು ನಿಂತಿತು.

“ಹಿಂಗ್ರಿ. ಒಂದು ಹೊತ್ತೂ ಗೆರಿ ಬಿಟ್ಟು ಕೆಳಗ ಇಳಿಯಾಕ ಕೊಟ್ಟಿಲ್ಲ” ಎಂದಳು.

ಔಷಧಗಾರ ಸೀಸೆಯನ್ನು ಕೈಗೆ ತೆಗೆದುಕೊಂಡ. ಮೊದಲು ಹಾಲಿನಂತಿದ್ದ ಮದ್ದು ಈಗ ಅಕ್ಕಿ ತೊಳೆದ ನೀರಿನ ಹಾಗಿತ್ತು. ಸೀಸೆಯ ಆಚೆ ಹಿಡಿದಿದ್ದ ಅವನ ಬೆರಳು ಅದರೊಳಗಿಂದ ಕಾಣುತ್ತಿತ್ತು.

“ತಿಳೀಲಿಲ್ಲಂದ್ರ ಕೇಳಬೇಕಿಲ್ಲೇನವ್ವಾ?” ಎಂದ.

ತಾಯಿ ಅವನನ್ನೇ ನೋಡಿದಳು. ಅವನು ಏನು ಕೇಳುತ್ತಿದ್ದಾನೆಂದು ಅವಳಿಗೆ ಅರ್ಥವಾಗಲಿಲ್ಲ.

“ನನಗ ತಿಳಿದಿತ್ತಲ್ರೀ” ಎಂದಳು.

ಮಗು ಉಳಿಯಿತು. ಕೇಳುವ ಕಿವಿ ಉಳಿಯಲಿಲ್ಲ.

ಮಾಸ್ತರರು ಇಲ್ಲಿಗೆ ನಿಲ್ಲಿಸಿದರು.

ನೀಲಾಂಬಿಕೆ ಕಾದಳು. ಕತೆ ಇನ್ನೂ ಇರಬಹುದು, ತಪ್ಪು ಯಾರದೆಂದು ಮಾಸ್ತರರು ಹೇಳಬಹುದು ಎಂದುಕೊಂಡಳು. ಅವರು ಹೇಳಲಿಲ್ಲ. ಅವಳು ಒಳಗೊಳಗೇ ಹುಡುಕಿದಳು. ತಾಯಿ ಹೇಳಿದಂತೆ ಮಾಡಿದ್ದಳು, ಅವಳದು ತಪ್ಪಲ್ಲ. ಔಷಧಗಾರ ಪುಸ್ತಕದಲ್ಲಿ ಇದ್ದಂತೆ ಹೇಳಿದ್ದ. “ನೀರು ಒಂದೇ ಸಲ ಹಾಕು” ಎಂದು ಇನ್ನೊಂದು ಮಾತು ಸೇರಿಸಬೇಕಿತ್ತು, ಇದೇ ಇರಬೇಕು ಎನ್ನಿಸಿತು. ಆದರೆ ತಾನು ಮುದುಕನಿಗೆ ಹೇಳುವಾಗ ಯಾವ ಮಾತನ್ನೂ ಬಿಟ್ಟಿಲ್ಲವೆಂದು ಮಾಸ್ತರರೇ ಒಪ್ಪಿದ್ದರು. ಹಾಗಿದ್ದರೆ ಇದಲ್ಲ. ಇನ್ನೂ ಗಟ್ಟಿಯಾಗಿ ಹೇಳಬೇಕೇ? ಔಷಧಗಾರ ಗಟ್ಟಿಯಾಗಿಯೂ ಹೇಳಿದ್ದ. ಕತೆ ಅವಳ ಕೈಗೆ ಸಿಕ್ಕಂತೆ ಸಿಕ್ಕು ಜಾರುತ್ತಿತ್ತು.

ಮಾಸ್ತರರು ಎದ್ದು ಬಾಗಿಲ ಕಡೆಗೆ ತಿರುಗಿದರು. “ನಾಳೆ ಕಿಟಕಿಯಲ್ಲಿ ಕೂಡುತ್ತೀಯಾ?” ಎಂದರು.

“ಕೂಡುತ್ತೇನೆ, ಮಾಸ್ತರ” ಎಂದಳು ನೀಲಾಂಬಿಕೆ. ಎದೆಯ ಮೇಲಿನ ಭಾರ ಇಳಿದಂತಾಯಿತು.

“ಕತೆ ತಿಳಿಯಿತೆ?”

ಇಷ್ಟು ಹೊತ್ತು ಕುಳಿತು ಹೇಳಿದ ಹಿರಿಯರಿಗೆ ಇಲ್ಲವೆನ್ನುವುದು ಹೇಗೆ? ಅವಳು ಗೋಣು ಹಾಕಿದಳು. “ತಿಳಿಯಿತು, ಮಾಸ್ತರ” ಎಂದಳು.

ಮಾಸ್ತರರು ತಿರುಗಿ ಬಂದು ಅವಳ ಎದುರಿಗೆ ಕುಳಿತರು.

“ಆ ತಾಯಿಗೂ ತಿಳಿದಿತ್ತು. ನಿನಗೆ ಏನು ತಿಳಿಯಿತು, ನಿನ್ನ ಮಾತಿನಲ್ಲಿ ಹೇಳು.”